ಡಿಟಿಪಿ ಅಂಗಡಿಗೆ ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್: ಕೊಳ್ಳಬಹುದಾ?

ಮೊದಲೇ ಹೇಳಿಬಿಡುತ್ತೇನೆ, ಕೊಳ್ಳಬಹುದು. ದಾವಣಗೆರೆಯಲ್ಲಿ ಲಗ್ನಪತ್ರಿಕೆ, ಬಿಲ್ ಬುಕ್, ಪಾಂಪ್ಲೆಟ್, ಜೆರಾಕ್ಸ್ ಅಂತ ಸಣ್ಣ ಅಂಗಡಿ ಇಟ್ಟುಕೊಂಡವರಿಗೆ ಸದ್ಯಕ್ಕೆ ಇದಕ್ಕಿಂತ ಒಳ್ಳೆ ವ್ಯವಹಾರ ನನಗೆ ಕಾಣುತ್ತಿಲ್ಲ. ನಾನು ತಂದಿದ್ದು ಯಾವುದೋ ದೊಡ್ಡ ಆಫೀಸಿನಲ್ಲಿ ಕೆಲವು ವರ್ಷ ದುಡಿದು ಹೊರಬಿದ್ದ ಡೆಸ್ಕ್‌ಟಾಪ್. ಇಂಟೆಲ್ ಐ5 ಪ್ರೊಸೆಸರ್, ಎಂಟನೇ ಜನರೇಶನ್, 16 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಮಾನಿಟರ್, ಕೀಬೋರ್ಡ್, ಮೌಸ್ ನನ್ನ ಹಳೆಯವೇ. ಹದಿನಾರು ಸಾವಿರದ ಆಸುಪಾಸು ಬಿತ್ತು. ಪೆಟ್ಟಿಗೆ ಬದಲಾಯಿಸೋದು ಒಂದು ಮಧ್ಯಾಹ್ನದ ಕೆಲಸ. ಅದರೊಳಗಿನ ಕನ್ನಡ ಫೈಲುಗಳ ಗತಿ ಏನು ಅನ್ನೋದೇ ದೊಡ್ಡ ತಲೆನೋವು. ಅದನ್ನು ಯಾವ ಅಂಗಡಿಯವನೂ ಹೇಳೋದಿಲ್ಲ, ಹಾಗಾಗಿ ಈ ವಿಮರ್ಶೆಯಲ್ಲಿ ಅದರ ಮಾತೇ ಜಾಸ್ತಿ ಬರುತ್ತೆ.

ಯಾಕೆ ಬದಲಾಯಿಸಬೇಕಾಯಿತು ಅಂತ ಕೇಳಿದರೆ, ಹಳೆಯದು ಕೆಟ್ಟಿರಲಿಲ್ಲ. ಐ3 ನಾಲ್ಕನೇ ಜನರೇಶನ್ ಅಸೆಂಬಲ್ ಮಾಡಿಸಿದ್ದು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ ಮೇಲೆ ಇನ್ನೂ ಜೋರಾಗಿ ಓಡುತ್ತಿತ್ತು. ಬೇಸಿಗೆಯಲ್ಲಿ ನಮ್ಮೂರಿನ ಬಿಸಿಲು ಗೊತ್ತಲ್ಲ, ಅಂಗಡಿ ಒಳಗೆ ಫ್ಯಾನ್ ಕೂಡ ಬಿಸಿಗಾಳಿ ಬೀಸುತ್ತೆ, ಆಗಲೂ ಅದು ಕೈ ಕೊಟ್ಟಿದ್ದಿಲ್ಲ. ಆದರೆ ಅದರ ಮೇಲಿದ್ದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬಾಗಿಲು ಹಾಕಿತು, ಅಂದರೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ನಿಂತಿತು. 2015ರ ಜುಲೈನಲ್ಲಿ ಬಂದದ್ದು, ಹತ್ತು ವರ್ಷ ನಡೆಯಿತು. ಹತ್ತು ವರ್ಷ ಕಮ್ಮಿ ಏನಲ್ಲ, ಒಪ್ಪುತ್ತೇನೆ. ಎಕ್ಸ್‌ಪಿ 2001ರಲ್ಲಿ ಬಂದು 2014ರವರೆಗೆ ಇತ್ತು, ವಿಂಡೋಸ್ 7 ಕೂಡ 2009ರಿಂದ 2020ರವರೆಗೆ. ಲೆಕ್ಕದಲ್ಲಿ ಅನ್ಯಾಯ ಇಲ್ಲ.

ಸಿಟ್ಟು ಬರೋದು ಬೇರೆ ಕಾರಣಕ್ಕೆ. ಮೊದಲೆಲ್ಲ ಹೊಸ ವಿಂಡೋಸ್ ಬಂದರೆ ಹಳೇ ಮಷಿನ್ ಮೇಲೆ ಹಾಕಿಕೊಳ್ಳುತ್ತಿದ್ದೆವು, ನಿಧಾನ ಆದರೆ ಒಂದು ರ‍್ಯಾಮ್ ಕಡ್ಡಿ ಸೇರಿಸುತ್ತಿದ್ದೆವು, ಮುಗೀತು. ವಿಂಡೋಸ್ 11 ಹಾಗಲ್ಲ. ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಆನ್ ಆಗುವಾಗಲೇ ಕಳ್ಳ ಸಾಫ್ಟ್‌ವೇರ್ ತಡೆಯೋ ಸೆಕ್ಯೂರ್ ಬೂಟ್ ಇರಬೇಕು, ಇಂಟೆಲ್ ಆದರೆ ಎಂಟನೇ ಜನರೇಶನ್ ಅಥವಾ ಅದಕ್ಕಿಂತ ಹೊಸದಾಗಿರಬೇಕು. ನನ್ನ ನಾಲ್ಕನೇ ಜನರೇಶನ್ ಬಿಡಿ, ಏಳನೇ ಜನರೇಶನ್ ಇರೋರಿಗೂ ಬಾಗಿಲಾಚೆಯೇ. ಇದರಲ್ಲೂ ಒಂದು ತಮಾಷೆ ಇದೆ. 2021ರಲ್ಲಿ ಆ ಪಟ್ಟಿಗೆ ಏಳನೇ ಜನರೇಶನ್ನಿನ ಐ7-7820ಎಚ್‌ಕ್ಯೂ ಅನ್ನೋ ಚಿಪ್ಪನ್ನು ಆಯ್ದ ಕೆಲವು ಮಷಿನ್‌ಗಳಿಗೆ ಮಾತ್ರ ಅಂತ ಸೇರಿಸಿದರು. ಯಾವ ಮಷಿನ್ ಅಂತ ನೋಡಿದರೆ ಅವರದೇ ಸರ್ಫೇಸ್ ಸ್ಟುಡಿಯೋ 2. ಮನೆಯವರಿಗೆ ಒಂದು ಊಟ, ಬೀದಿಯವರಿಗೆ ಒಂದು ಊಟ!

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಸಪೋರ್ಟ್ ಮುಗಿದ ಮರುದಿನ ಕಂಪ್ಯೂಟರ್ ನಿಂತುಹೋಗಲ್ಲ. ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ತಗೊಳ್ಳುವ ದಾರಿ ಕೊಟ್ಟಿದ್ದಾರೆ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲ, ಇಲ್ಲವಾದರೆ 1000 ರಿವಾರ್ಡ್ ಪಾಯಿಂಟ್, ಅದೂ ಇಲ್ಲವಾದರೆ 30 ಡಾಲರ್. ಮನೆಯಲ್ಲಿ ಮಗಳ ಪ್ರಾಜೆಕ್ಟಿಗೆ, ಯೂಟ್ಯೂಬಿಗೆ ಇಟ್ಟುಕೊಂಡವರು ಅದನ್ನು ಮಾಡಿಕೊಂಡು ಸುಮ್ನೆ ಇರಬಹುದು. ನನ್ನದು ಅಂಗಡಿ. ದಿನಾ ಹತ್ತಾರು ಗಿರಾಕಿಗಳು ಪೆನ್ ಡ್ರೈವ್ ತಂದು ಚುಚ್ಚುತ್ತಾರೆ, ಕಾಲೇಜು ಹುಡುಗರ ಪೆನ್ ಡ್ರೈವ್ ಅಂದರೆ ಅದರೊಳಗೆ ಏನೇನು ಇರುತ್ತೋ ದೇವರಿಗೇ ಗೊತ್ತು. ಅದೇ ಮಷಿನ್‌ನಲ್ಲಿ ನಾನು ಬ್ಯಾಂಕು, ಜಿಎಸ್‌ಟಿ ಎಲ್ಲ ತೆರೆಯೋನು. 2017ರ ಮೇ ತಿಂಗಳಲ್ಲಿ ವಾನಾಕ್ರೈ ವೈರಸ್ ಅಪ್‌ಡೇಟ್ ಹಾಕದ ವಿಂಡೋಸ್‌ಗಳನ್ನೇ ಹುಡುಕಿ ಹುಡುಕಿ ಹೊಡೆದದ್ದು ನೆನಪಿದೆ. ಇಲ್ಲಿ ರಿಸ್ಕ್ ಬೇಡ ಅನ್ನಿಸಿತು.

ನಮ್ಮೂರಲ್ಲಿ ಹೊಸ ಕಂಪ್ಯೂಟರ್ ಬೇಕು ಅಂದರೆ ಮೂರು ದಾರಿ. ಒಂದು, ಕಂಪನಿಯದ್ದೇ ಹೊಸ ಡೆಸ್ಕ್‌ಟಾಪ್ ಅಥವಾ ಲ್ಯಾಪ್‌ಟಾಪ್. ನನ್ನಂಥವರಿಗೆ ಬಜೆಟ್ ಮೀರುತ್ತೆ, ಮೀರದ ರೇಟಿನಲ್ಲಿ ಸಿಗೋದು ಬರೀ ಹೊರಗೆ ಹೊಳೆಯೋ ಮಾಲು. ಎರಡು, ಅಸೆಂಬಲ್ ಮಾಡಿಸೋದು. ಮೊದಲಾದರೆ ಇದೇ ಸರಿಯಾದ ದಾರಿ ಅನ್ನುತ್ತಿದ್ದೆ. ಈಗ 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ ರೀತಿ ನೋಡಿದರೆ ತಲೆ ತಿರುಗುತ್ತೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಸುರಿಯುತ್ತಿರೋದರಿಂದ ನಮಗೆ ಬರೋ ಕಡ್ಡಿಗಳ ರೇಟ್ ಮೇಲೆ ಹೋಗಿದೆ. ಎಲ್ಲೋ ಯಾರೋ ಚಾಟ್‌ಬಾಟ್ ಜೊತೆ ಹರಟೋದಕ್ಕೂ ಇಲ್ಲಿ ನಾನು ಗೃಹಪ್ರವೇಶದ ಕಾರ್ಡ್ ಮಾಡೋದಕ್ಕೂ ಹೀಗೊಂದು ನಂಟು ಇರುತ್ತೆ ಅಂತ ಯಾರು ಅಂದುಕೊಂಡಿದ್ದರು? ಮೂರನೇ ದಾರಿ ಈ ರಿಫರ್ಬಿಶ್ಡ್, ಅಂದರೆ ಬಳಸಿದ್ದನ್ನು ಸರಿ ಮಾಡಿ ಮಾರೋ ಮಾಲು.

ಇವು ಬರೋದು ದೊಡ್ಡ ಕಂಪನಿಗಳಿಂದ. ಸಾಫ್ಟ್‌ವೇರ್ ಕಂಪನಿ, ಬ್ಯಾಂಕು, ಕಾಲ್ ಸೆಂಟರಿನವರು ಕೆಲವು ವರ್ಷ ಬಳಸಿ, ಲೀಸ್ ಮುಗಿದ ಮೇಲೆ ಲಾಟಿನಲ್ಲಿ ಮಾರುತ್ತಾರೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್, ಇಂಥವೇ ಹೆಚ್ಚು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ರಾಶಿ ಬಿದ್ದಿರುತ್ತವೆ, ಈಗ ನಮ್ಮೂರಿನ ಕೆಲವು ಅಂಗಡಿಯವರೂ ತಂದು ಒರೆಸಿ, ಚೆಕ್ ಮಾಡಿ ಮಾರುತ್ತಿದ್ದಾರೆ. ಆಫೀಸಿಗೆ ಅಂತ ಮಾಡಿದ ಮಾಲು ಮನೆಗೆ ಮಾಡಿದ ಮಾಲಿಗಿಂತ ಗಟ್ಟಿ, ಇದರಲ್ಲಿ ಅನುಮಾನ ಬೇಡ. ಕ್ಯಾಬಿನೆಟ್ ತೆಗೆಯೋಕೆ ಸ್ಕ್ರೂ ಡ್ರೈವರ್ ಕೂಡ ಬೇಕಾಗಲಿಲ್ಲ, ಒಂದು ಗುಂಡಿ ಎಳೆದರೆ ಮುಚ್ಚಳ ಬಂತು. ಒಳಗೆ ವೈರು ಎಲ್ಲ ಕಟ್ಟಿ ಇಟ್ಟಿದ್ದಾರೆ.

ಆದರೆ ಮಾರೋರ ಆಟ ಗೊತ್ತಿರಬೇಕು. ಮೊದಲು ಹೋದ ಒಂದು ಅಂಗಡಿಯಲ್ಲಿ, ಹೆಸರು ಬೇಡ ಬಿಡಿ, ಕೌಂಟರಿನ ಹುಡುಗ "ಏನೂ ಯೋಚ್ನೆ ಮಾಡಬ್ಯಾಡಿ ಅಣ್ಣ, ಐ ಫೈವ್ ಐತಿ, ವಿಂಡೋಸ್ ಇಲೆವೆನ್ ಹಾಕಿ ಕೊಡ್ತೀನಿ" ಅಂದ. ಎಷ್ಟನೇ ಜನರೇಶನ್ ಅಂತ ಕೇಳಿದೆ. "ಐ ಫೈವ್ ಅಂದ್ರೆ ಐ ಫೈವೇ ಅಲ್ವಾ ಅಣ್ಣ" ಅಂದ. ಅಲ್ಲ ಮಾರಾಯ! ಆನ್ ಮಾಡಿಸಿ ನೋಡಿದರೆ ಮೂರನೇ ಜನರೇಶನ್, ಅಂದರೆ 2012ರ ಕಾಲದ್ದು. ಐ5 ಅನ್ನೋದರ ಮುಂದೆ ಬರೋ ನಂಬರ್ ನೋಡಬೇಕು. 8500 ಅಂದರೆ ಎಂಟನೆಯದು, 3470 ಅಂದರೆ ಮೂರನೆಯದು, 10400 ಅಂದರೆ ಹತ್ತನೆಯದು. ಐ5 ಅನ್ನೋ ಸ್ಟಿಕ್ಕರ್ ಒಂದಕ್ಕೇ ದುಡ್ಡು ಕೊಟ್ಟು ಬಂದವರು ಪಿ.ಜೆ. ಬಡಾವಣೆಯಿಂದ ಹದಡಿ ರೋಡಿನವರೆಗೂ ಸಿಗುತ್ತಾರೆ.

ಹಳೇ ಚಿಪ್ ಮೇಲೆ ವಿಂಡೋಸ್ 11 ಕೂರಿಸೋಕೆ ಆಗುತ್ತೆ, ಅದು ಸುಳ್ಳಲ್ಲ. ಪೆನ್ ಡ್ರೈವ್ ಮಾಡುವಾಗ ರೂಫಸ್ ಅನ್ನೋ ಪುಟ್ಟ ಸಾಫ್ಟ್‌ವೇರಿನಲ್ಲಿ ಟಿಪಿಎಂ ಚೆಕ್ ತೆಗೆದುಹಾಕಿದರೆ ಇನ್‌ಸ್ಟಾಲ್ ಆಗುತ್ತೆ, ಓಡುತ್ತೆ ಕೂಡ. ಆದರೆ ಅದು ಕಂಪನಿ ಒಪ್ಪದ ದಾರಿ, ಅಪ್‌ಡೇಟ್ ಕೊಡುತ್ತೇವೆ ಅನ್ನೋ ಗ್ಯಾರಂಟಿ ಅವರದ್ದಿಲ್ಲ. ವರ್ಷಕ್ಕೊಮ್ಮೆ ಬರೋ ದೊಡ್ಡ ಅಪ್‌ಡೇಟ್ ತಾನಾಗಿ ಬರೋದಿಲ್ಲ, ಮತ್ತೆ ಅದೇ ಪೆನ್ ಡ್ರೈವ್ ಕಸರತ್ತು. ಕೋರ್ 2 ಡ್ಯುಯೋ ಕಾಲದ ಮಷಿನ್ ಆದರೆ 24ಎಚ್2 ಆವೃತ್ತಿ ಬೂಟೇ ಆಗಲ್ಲ, ಆ ಚಿಪ್ಪಿನಲ್ಲಿ ಬೇಕಾದ ಒಂದು ಇನ್‌ಸ್ಟ್ರಕ್ಷನ್ ಇಲ್ಲ. ಇದನ್ನೆಲ್ಲ ಗೊತ್ತಿದ್ದು ಮಾಡಿಕೊಂಡರೆ ತಪ್ಪಿಲ್ಲ. ಗಿರಾಕಿಗೆ ಹೇಳದೆ ಹಾಕಿ ಕೊಡೋದು ಮೋಸ. ಪರೀಕ್ಷೆ ಮಾಡೋದು ಸುಲಭ: ಮೈಕ್ರೋಸಾಫ್ಟಿನದೇ ಪಿಸಿ ಹೆಲ್ತ್ ಚೆಕ್ ಅಂತ ಇದೆ, ಅಂಗಡಿಯಲ್ಲೇ ಹಾಕಿಸಿ ನೋಡಿ.

ಲೈಸೆನ್ಸ್ ವಿಷಯದಲ್ಲಿ ರಿಫರ್ಬಿಶ್ಡ್ ಆಫೀಸ್ ಮಷಿನ್ನೇ ಮೇಲು. ಇವುಗಳಲ್ಲಿ ಹೆಚ್ಚಿನವಕ್ಕೆ ವಿಂಡೋಸ್ ಪ್ರೊ ಕಂಪನಿಯಿಂದಲೇ ಬಂದಿರುತ್ತೆ, ಅದರ ಕೀ ಮದರ್‌ಬೋರ್ಡಿನ ಬಯೋಸ್ ಒಳಗೇ ಕೂತಿರುತ್ತೆ. ಹೊಸದಾಗಿ ವಿಂಡೋಸ್ 11 ಹಾಕಿ ನೆಟ್ ಕೊಟ್ಟರೆ ತಾನೇ ಆ್ಯಕ್ಟಿವೇಟ್ ಆಯಿತು. ಅಸೆಂಬಲ್ ಮಷಿನ್‌ಗೆ ಹಾಕಿ ಕೊಡೋ "ಫ್ರೀ ವಿಂಡೋಸ್" ಕಥೆ ಬೇರೆ. ಅದು ಹೆಚ್ಚಾಗಿ ದೊಡ್ಡ ಕಂಪನಿಗಳಿಗೆ ಅಂತ ಇರೋ ಕೆಎಂಎಸ್ ಆ್ಯಕ್ಟಿವೇಶನ್ನನ್ನು ನಕಲು ಮಾಡೋ ಕಳ್ಳ ದಾರಿ, 180 ದಿನ ಮುಗಿಯೋದರೊಳಗೆ ಆ ಆ್ಯಕ್ಟಿವೇಶನ್ನನ್ನು ತಾನೇ ನವೀಕರಿಸೋ ಸಾಫ್ಟ್‌ವೇರ್ ಒಂದನ್ನು ಹಿಂದೆ ಬಿಟ್ಟಿರುತ್ತಾರೆ. ಆ ಸಾಫ್ಟ್‌ವೇರ್ ಇನ್ನೇನು ಮಾಡುತ್ತೆ ಅಂತ ಹಾಕಿದವನಿಗೂ ಗೊತ್ತಿರಲ್ಲ. ಆ್ಯಂಟಿವೈರಸ್ ಆಫ್ ಮಾಡಿ ಹಾಕಬೇಕಾದ ಸಾಮಾನನ್ನು ನಂಬಿ ಅದೇ ಕಂಪ್ಯೂಟರಿನಲ್ಲಿ ಬ್ಯಾಂಕ್ ತೆರೆಯೋದು ಹೇಗೆ ಹೇಳಿ.

ಇನ್ನು ಮಷಿನ್ ಹೇಗಿದೆ. ಆರು ಕೋರ್ ಇದೆ, ನನ್ನ ಕೆಲಸಕ್ಕೆ ಅದು ಜಾಸ್ತಿಯೇ. ಒಂದು ಕಡೆ ಕೋರೆಲ್‌ನಲ್ಲಿ ಫ್ಲೆಕ್ಸ್ ಡಿಸೈನ್, ಇನ್ನೊಂದು ಕಡೆ ಬ್ರೌಸರಿನಲ್ಲಿ ವಾಟ್ಸಾಪ್ ವೆಬ್, ಹಿಂದೆ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ, ಎಲ್ಲ ಒಟ್ಟಿಗೆ ತೆರೆದರೂ ತೊದಲಲ್ಲ. ಸದ್ದು ಇಲ್ಲವೇ ಇಲ್ಲ ಅನ್ನಬಹುದು, ಫೋಟೋಶಾಪಿನಲ್ಲಿ ದೊಡ್ಡ ಬ್ಯಾನರ್ ಸೇವ್ ಮಾಡುವಾಗ ಮಾತ್ರ ಫ್ಯಾನ್ ಸ್ವಲ್ಪ ಗುಂಯ್ ಅನ್ನುತ್ತೆ. ಸಣ್ಣ ಕ್ಯಾಬಿನೆಟ್, ಕೌಂಟರ್ ಕೆಳಗೆ ಜಾಗ ಉಳಿಯಿತು, ಅಲ್ಲಿ ಈಗ ಎ4 ರಿಮ್ ಇಟ್ಟಿದ್ದೇನೆ. ಕರೆಂಟ್ ಹೋದಾಗ ಯುಪಿಎಸ್ ಮೊದಲಿಗಿಂತ ಹೆಚ್ಚು ಹೊತ್ತು ಎಳೆಯುತ್ತೆ.

ಕೊರತೆಗಳೂ ಇವೆ. ವೈಫೈ ಇಲ್ಲ, ಯುಎಸ್‌ಬಿ ಡಾಂಗಲ್ ಬೇರೆ ತರಬೇಕು. ಮಾನಿಟರ್ ಕನೆಕ್ಷನ್ ಡಿಸ್‌ಪ್ಲೇ ಪೋರ್ಟ್, ನನ್ನ ಹಳೇ ಮಾನಿಟರಿಗೆ ವಿಜಿಎ, ಮಧ್ಯಕ್ಕೆ ಒಂದು ಕನ್ವರ್ಟರ್ ಹಾಕಬೇಕಾಯಿತು. ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಬೇಕಾದ ಪ್ಯಾರಲಲ್ ಪೋರ್ಟ್ ಇಲ್ಲ, ಎಪಿಎಂಸಿ ದಲ್ಲಾಲಿ ಅಂಗಡಿಯವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಕಾರ್ಬನ್ ಕಾಪಿ ಬಿಲ್ ಹೊಡೆಯೋರಿಗೆ ಆ ಪ್ರಿಂಟರ್ ಇಲ್ಲದೆ ನಡೆಯಲ್ಲ. ಎಲ್ಲಕ್ಕಿಂತ ಮುಖ್ಯ ಎಸ್‌ಎಂಪಿಎಸ್, ಅಂದರೆ ಒಳಗೆ ಕರೆಂಟ್ ಕೊಡೋ ಪವರ್ ಸಪ್ಲೈ. ಇಂಥ ಸಣ್ಣ ಆಫೀಸ್ ಮಾಡೆಲ್‌ಗಳಲ್ಲಿ ಅದರ ಆಕಾರವೂ ಬೇರೆ, ಎಷ್ಟೋ ಮಾಡೆಲ್‌ಗಳಲ್ಲಿ ಪ್ಲಗ್ಗೂ ಬೇರೆ. ಸುಟ್ಟುಹೋದರೆ ಪಕ್ಕದ ಅಂಗಡಿಯಿಂದ ಮಾಮೂಲಿ ಎಸ್‌ಎಂಪಿಎಸ್ ತಂದು ಹಾಕೋಕಾಗಲ್ಲ, ಅದೇ ಮಾಡೆಲಿನದ್ದೇ ಹುಡುಕಬೇಕು. ವೋಲ್ಟೇಜ್ ಏರುಪೇರಾಗೋ ಏರಿಯಾದವರು ಇದನ್ನು ಯುಪಿಎಸ್ ಇಲ್ಲದೆ ಚಾಲು ಮಾಡಲೇಬೇಡಿ. ರೈಸ್ ಮಿಲ್ ಹತ್ತಿರ ಇರೋರಿಗೆ ಧೂಳಿನ ವಿಷಯ ನಾನು ಹೇಳಬೇಕಾಗಿಲ್ಲ, ಸಣ್ಣ ಕ್ಯಾಬಿನೆಟ್ಟಿನಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತೆ, ಆಗಾಗ ಬ್ಲೋವರ್ ಹೊಡೆಯಬೇಕು.

ಎಸ್‌ಎಸ್‌ಡಿ ಬಗ್ಗೆ ಒಂದು ಮಾತು. ಮಷಿನ್ ಸೆಕೆಂಡ್ ಹ್ಯಾಂಡ್ ಆದರೆ ಪರವಾಗಿಲ್ಲ, ಎಸ್‌ಎಸ್‌ಡಿ ಸೆಕೆಂಡ್ ಹ್ಯಾಂಡ್ ಬೇಡ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಎಷ್ಟು ಗಂಟೆ ಓಡಿದೆ, ಆರೋಗ್ಯ ಎಷ್ಟು ಪರ್ಸೆಂಟ್ ಉಳಿದಿದೆ ಎಲ್ಲ ತೋರಿಸುತ್ತೆ. ನಾನು ಹೊಸದು ಹಾಕಿಸಿಕೊಂಡೆ, ಹಳೆಯದರ ದುಡ್ಡು ಕಳೆದುಕೊಟ್ಟರು.

ವಿಂಡೋಸ್ 11ರ ಬಗ್ಗೆ ಬರೆಯೋಕೆ ಹೆಚ್ಚೇನಿಲ್ಲ. ಚೆನ್ನಾಗಿ ಓಡುತ್ತೆ. ಕಿರಿಕಿರಿ ಜಾಸ್ತಿ. ಸೆಟಪ್ ಮಾಡುವಾಗಲೇ ನೆಟ್ ಬೇಕು, ಮೈಕ್ರೋಸಾಫ್ಟ್ ಅಕೌಂಟ್ ಬೇಕು ಅಂತ ಹಟ ಮಾಡುತ್ತೆ. ರೈಟ್ ಕ್ಲಿಕ್ ಮಾಡಿದರೆ ಅರ್ಧ ಮೆನು ತೋರಿಸಿ ಇನ್ನರ್ಧಕ್ಕೆ ಇನ್ನೊಂದು ಕ್ಲಿಕ್ ಮಾಡು ಅನ್ನುತ್ತೆ. ದಿನಾ ನೂರಾರು ಸಲ ರೈಟ್ ಕ್ಲಿಕ್ ಮಾಡೋನಿಗೆ ಇದು ಹೇಗಿರುತ್ತೆ ಅಂತ ಅದನ್ನು ಮಾಡಿದವರು ಒಂದು ದಿನ ನಮ್ಮ ಅಂಗಡಿಯಲ್ಲಿ ಕೂತು ನೋಡಬೇಕಿತ್ತು. ಅಂಗಡಿ ಕಂಪ್ಯೂಟರಿಗೆ ಕೋಪೈಲಟ್ ಅನ್ನೋ ಎಐ ಸಹಾಯಕ ಯಾಕೆ ಬೇಕು ಅನ್ನೋದು ನನಗಿನ್ನೂ ಅರ್ಥವಾಗಿಲ್ಲ. ತೆಗೆದುಹಾಕಿದೆ.

ಈಗ ಅಸಲು ವಿಷಯಕ್ಕೆ ಬರೋಣ. ದಾವಣಗೆರೆ, ಚಿತ್ರದುರ್ಗ ಕಡೆಯ ಡಿಟಿಪಿ ಅಂಗಡಿ, ಪ್ರಿಂಟಿಂಗ್ ಪ್ರೆಸ್ ಎಷ್ಟೋ ಕಡೆ ಇವತ್ತಿಗೂ ನಡೆಯೋದು ಪೇಜ್‌ಮೇಕರ್ ಮೇಲೆ. ಆಲ್ಡಸ್ ಅನ್ನೋ ಕಂಪನಿ 1985ರಲ್ಲಿ ತಂದ, ಪುಟ ಜೋಡಿಸೋ ಸಾಫ್ಟ್‌ವೇರ್ ಅದು. 1994ರಲ್ಲಿ ಅಡೋಬಿ ಆ ಕಂಪನಿಯನ್ನೇ ಕೊಂಡುಕೊಂಡಿತು. ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ, 2004ಕ್ಕೆ ಅದರ ಕೆಲಸ ನಿಲ್ಲಿಸಿ ತಮ್ಮದೇ ಇನ್ನೊಂದು ಸಾಫ್ಟ್‌ವೇರ್ ಇನ್‌ಡಿಸೈನ್ ತಗೊಳ್ಳಿ ಅಂದರು. ಅಂದರೆ ಇವತ್ತು ನಮ್ಮಲ್ಲಿ ಕಾರ್ಡ್ ಕಂಪೋಸ್ ಮಾಡೋಕೆ ಕೂರೋ ಎಷ್ಟೋ ಹುಡುಗರು ಹುಟ್ಟೋ ಮೊದಲೇ ತಯಾರಾದ ಸಾಫ್ಟ್‌ವೇರಿನಲ್ಲಿ ನಾವು ಇವತ್ತಿನ ಲಗ್ನಪತ್ರಿಕೆ ಮಾಡುತ್ತಿದ್ದೇವೆ. ಅದನ್ನು ದುಡ್ಡು ಕೊಟ್ಟು ತಂದವರು ಎಷ್ಟು ಜನ ಅಂತ ಮಾತ್ರ ಕೇಳಬೇಡಿ.

ಯಾಕೆ ಬಿಡಲಿಲ್ಲ? ಸೋಮಾರಿತನ ಅಂತ ಹೊರಗಿನವರು ಅನ್ನುತ್ತಾರೆ. ಕಾರಣ ಫಾಂಟು. ನುಡಿ, ಬರಹ, ಶ್ರೀಲಿಪಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ತಲೆಕಟ್ಟು ಒಂದು ಕಡೆ, ಒತ್ತು ಒಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ. ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಇಲ್ಲ, ಅದರ ಲೆಕ್ಕದಲ್ಲಿ ಅದು ಏನೋ ಒಂದು ಇಂಗ್ಲಿಷ್. ಹಾಗಾಗಿಯೇ ಕನ್ನಡ ಗೊತ್ತಿಲ್ಲದ ಪೇಜ್‌ಮೇಕರಿನಲ್ಲೂ ಅದು ಚೆನ್ನಾಗಿ ಕಾಣುತ್ತಿತ್ತು. ಆ ಕಾಲಕ್ಕೆ ಅದು ಬಹಳ ಜಾಣತನದ ಕೆಲಸ. ಕೆ.ಪಿ. ರಾವ್ ಮಾಡಿದ ಕೀಬೋರ್ಡ್ ವಿನ್ಯಾಸ ಇಲ್ಲದಿದ್ದರೆ, ಕನ್ನಡ ಗಣಕ ಪರಿಷತ್ತಿನ ನುಡಿ ಇಲ್ಲದಿದ್ದರೆ ನಮ್ಮಂಥವರ ಅಂಗಡಿ ಯಾವುದೂ ತೆರೆಯುತ್ತಿರಲಿಲ್ಲ. ಬರಹವೂ ಅಷ್ಟೇ, ಎಷ್ಟು ಮನೆಗೆ ಕನ್ನಡ ಟೈಪಿಂಗ್ ತಂದಿತು! ಅವರನ್ನು ಬೈಯೋಕೆ ನನಗೆ ಬಾಯಿ ಬರಲ್ಲ.

ಆದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಕೋಡ್ ಕೊಟ್ಟ ಯೂನಿಕೋಡ್ ಬಂದ ಮೇಲೆ ಕಥೆ ಬದಲಾಯಿತು. ಮೊಬೈಲಿನಲ್ಲಿ, ವಾಟ್ಸಾಪಿನಲ್ಲಿ, ಎಲ್ಲ ಕಡೆ ಬರೋದು ಯೂನಿಕೋಡ್ ಕನ್ನಡ. ಗಿರಾಕಿ ಮದುವೆ ಮ್ಯಾಟರ್ ವಾಟ್ಸಾಪ್ ಮಾಡುತ್ತಾನೆ, ಅದನ್ನು ಕಾಪಿ ಮಾಡಿ ಪೇಜ್‌ಮೇಕರಿಗೆ ಪೇಸ್ಟ್ ಮಾಡಿದರೆ ಬರೀ ಪ್ರಶ್ನೆ ಚಿಹ್ನೆ. ಹಾಗಾಗಿ ಕೂತು ಮತ್ತೆ ಟೈಪ್ ಮಾಡಬೇಕು, ಇಲ್ಲವಾದರೆ ಕನ್ವರ್ಟರಿಗೆ ಹಾಕಬೇಕು. ಹಿಂದು ಮುಂದಾಗಿಯೂ ಅದೇ. ಹಳೇ ಫೈಲಿನ ಪಠ್ಯವನ್ನು ಫಾಂಟ್ ಇಲ್ಲದ ಮಷಿನ್‌ನಲ್ಲಿ ತೆರೆದರೆ ತಲೆ ಮೇಲೆ ಚುಕ್ಕೆ, ಗೆರೆ ಹೊತ್ತ ಪರದೇಶಿ ಅಕ್ಷರಗಳ ಸಂತೆ. ಕನ್ವರ್ಟರ್‌ಗಳು ಸುಮಾರಾಗಿ ಕೆಲಸ ಮಾಡುತ್ತವೆ, ಮಧ್ಯೆ ಇಂಗ್ಲಿಷ್ ಪದ ಬಂದರೆ ಮುಗೀತು. ಎರಡೂ ಒಂದೇ ಕೋಡಿನಲ್ಲಿ ಇರೋದರಿಂದ ಯಾವುದು ಇಂಗ್ಲಿಷ್, ಯಾವುದು ಕನ್ನಡ ಅಂತ ಫಾಂಟಿನ ಹೆಸರು ನೋಡಿದರೆ ಮಾತ್ರ ಗೊತ್ತಾಗುತ್ತೆ, ಬರೀ ಪಠ್ಯ ಕೊಟ್ಟರೆ ಕನ್ವರ್ಟರ್ ಪಾಪ ಏನು ಮಾಡೀತು. ಮದುವೆ ಹುಡುಗನ ಹೆಸರಿನ ಮುಂದಿನ ಡಿಗ್ರಿ, ಫೋನ್ ಮಾಡಿ ಅನ್ನೋ ಕಡೆ ಇರೋ ಈಮೇಲ್, ಎಲ್ಲ ಕನ್ನಡದ ಕಸವಾಗಿ ಹೊರಗೆ ಬರುತ್ತೆ. ಪ್ರೂಫ್ ಸರಿಯಾಗಿ ನೋಡದೆ ಹೊಡೆದರೆ ಮದುವೆ ಮನೆಯವರ ಕೈಗೆ ಸಿಕ್ಕಿಬೀಳೋದು ನಾವು.

ನನ್ನ ಹತ್ತಿರ ಇರೋ ಹಳೇ ಫೈಲುಗಳೆಲ್ಲ ಇಂಥವೇ. ಮಠದ ಕಾರ್ಯಕ್ರಮದ ಆಹ್ವಾನ ಪತ್ರಿಕೆ, ಸಹಕಾರ ಸಂಘಗಳ ವಾರ್ಷಿಕ ವರದಿ, ದುಗ್ಗಮ್ಮನ ಜಾತ್ರೆಯ ಕರಪತ್ರ. ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತೆ, ಪ್ರತಿ ಸಲ "ಹೋದ ಸಲದ್ದೇ ತೆಗೀರಿ, ದಿನಾಂಕ ಬದ್ಲು ಮಾಡಿ ಸಾಕು" ಅಂತಾರೆ. ವಾರ್ಷಿಕ ವರದಿಯವರು ಕೂಡ ಹಾಗೆಯೇ. ನನ್ನ ಅರ್ಧ ವ್ಯಾಪಾರ ನಿಂತಿರೋದು ಹೋದ ಸಲದ್ದು ತೆಗೆಯೋದರ ಮೇಲೆ. ಅದು ತೆರೆಯದಿದ್ದರೆ ಹೊಸ ಐ5 ತಗೊಂಡು ಏನು ಮಾಡಲಿ?

ಪೇಜ್‌ಮೇಕರ್ ಹೊಸ ವಿಂಡೋಸ್ ಮೇಲೂ ಓಡಿಸುವವರಿದ್ದಾರೆ. ಆದರೆ ನಾಳೆ ಒಂದು ಅಪ್‌ಡೇಟ್ ಬಂದು ನಿಂತರೆ ಕೇಳೋಕೆ ಯಾರೂ ಇಲ್ಲ. ಹಾಗಾಗಿ ಹಳೇ ಐ3 ಮಷಿನ್ನನ್ನು ನಾನು ಮಾರಲಿಲ್ಲ. ಅದರ ನೆಟ್ ಕಿತ್ತು ಮೂಲೆಯಲ್ಲಿ ಇಟ್ಟಿದ್ದೇನೆ, ಪೇಜ್‌ಮೇಕರ್, ನುಡಿ ಎಲ್ಲ ಅದರಲ್ಲೇ. ಪೆನ್ ಡ್ರೈವ್ ಕೂಡ ನನ್ನದೊಂದೇ ಹೋಗಬೇಕು ಅಂತ ಹುಡುಗನಿಗೆ ಹೇಳಿಟ್ಟಿದ್ದೇನೆ. ಹೊಸ ಮಷಿನ್ ಒಳಗೆ ವರ್ಚುವಲ್ ಬಾಕ್ಸ್ ಹಾಕಿ ಅದರಲ್ಲಿ ಹಳೇ ವಿಂಡೋಸ್ ಓಡಿಸಬಹುದು, 16 ಜಿಬಿ ಇದ್ದರೆ ಸಲೀಸಾಗಿ ನಡೆಯುತ್ತೆ, ಆದರೆ ಅಂಗಡಿ ಹುಡುಗನಿಗೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಅಂತ ವಿವರಿಸೋಕಿಂತ ಮೂಲೆಯ ಪೆಟ್ಟಿಗೆ ತೋರಿಸೋದು ಸುಲಭ.

ಹೊಸ ಕೆಲಸಗಳನ್ನು ಮಾತ್ರ ಇನ್ನು ಮೇಲೆ ಯೂನಿಕೋಡಿನಲ್ಲೇ ಅಂತ ಹಟ ಹಿಡಿದಿದ್ದೇನೆ. ಇನ್‌ಡಿಸೈನಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆನ್ ಮಾಡಿದರೆ ಕನ್ನಡದ ಒತ್ತು ಎಲ್ಲ ಸರಿ ಬರುತ್ತೆ. ಆದರೆ 2013ರಿಂದ ಬಂದ ಇನ್‌ಡಿಸೈನಿನ ಹೊಸ ಆವೃತ್ತಿಗಳೆಲ್ಲ ಬಾಡಿಗೆ ಲೆಕ್ಕ, ಒಂದು ಸಲ ಕೊಟ್ಟು ಕೊಂಡುಕೊಳ್ಳೋದು ಇಲ್ಲ. ಆಷಾಢದಲ್ಲಿ ನಮಗೆ ಮದುವೆ ಕಾರ್ಡ್ ಒಂದೂ ಬರಲ್ಲ, ಬಾಡಿಗೆ ಆಗಲೂ ಕಟ್ಟಬೇಕು. ಹಾಗಾಗಿ ಸ್ಕ್ರೈಬಸ್ ಹಿಡಿದೆ. ಫ್ರೀ ಸಾಫ್ಟ್‌ವೇರ್, 2024ರ ಜನವರಿಯಲ್ಲಿ 1.6 ಆವೃತ್ತಿ ಬಂತು, ಕನ್ನಡ ಸರಿಯಾಗಿ ಕೂರುತ್ತೆ. ಪೇಜ್‌ಮೇಕರಿನಷ್ಟು ಚುರುಕಿಲ್ಲ, ಮೆನು ಹುಡುಕೋದು ಬೇಸರ, ಆದರೆ ಕೆಲಸ ಆಗುತ್ತೆ. ಯೂನಿಕೋಡ್ ಫಾಂಟುಗಳು ಮಾತ್ರ ಇನ್ನೂ ಬೇಕು. ನೋಟೋ ಸಾನ್ಸ್, ಬಲೂ ತಮ್ಮ, ಟಿರೋ, ಎಲ್ಲ ಚೆನ್ನಾಗಿವೆ. ಆದರೆ "ಅದೇ ಹಳೇ ಲಗ್ನಪತ್ರಿಕೆ ಅಕ್ಷರನೇ ಇರ್ಲಿ" ಅನ್ನೋ ಅಜ್ಜನಿಗೆ ಏನು ತೋರಿಸೋದು?

ಇಲ್ಲಿ ಟ್ಯಾಲಿಯವರ ಬಗ್ಗೆ ಒಂದು ಒಳ್ಳೆ ಮಾತು. ಬೆಂಗಳೂರಿನ ಕಂಪನಿ, 1986ರಿಂದ ಇದೆ. ಇಆರ್‌ಪಿ 9 ಹೋಗಿ 2020ರ ನವೆಂಬರಿನಲ್ಲಿ ಟ್ಯಾಲಿ ಪ್ರೈಮ್ ಬಂತು, ಹಳೇ ಡೇಟಾ ತಂದು ಹಾಕಿದೆ, ಹೊಸದು ಅದನ್ನು ಬದಲಾಯಿಸಿಕೊಂಡು ತೆರೆಯಿತು. ವರ್ಷದ ರಿನ್ಯೂವಲ್ ಕಟ್ಟದಿದ್ದರೂ ಇರೋ ಆವೃತ್ತಿ ಓಡುತ್ತೆ. ಸಾಫ್ಟ್‌ವೇರ್ ಕಂಪನಿ ಅಂದರೆ ಇಷ್ಟಾದರೂ ಇರಬೇಕು ಅನ್ನೋದು ನನ್ನ ಅಭಿಪ್ರಾಯ. ಹೊಸದು ಮಾರಿ, ಬೇಡ ಅನ್ನಲ್ಲ. ಹಳೇ ಗಿರಾಕಿಯ ಫೈಲನ್ನು ಹೊತ್ತುಕೊಂಡು ಹೋಗಿ.

ವಿಂಡೋಸ್ ಬದಲು ಫ್ರೀಯಾಗಿ ಸಿಗೋ ಲಿನಕ್ಸ್ ಹಾಕಬಹುದಿತ್ತಲ್ಲ ಅಂತ ಬಿಐಇಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದೋ ನಮ್ಮ ಅಕ್ಕನ ಮಗ ಕೇಳಿದ. ಅವನೇ ಒಂದು ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ 22 ಹಾಕಿ ಕೊಟ್ಟ, ಅದಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ನಿಜಕ್ಕೂ ಚೆನ್ನಾಗಿದೆ, ನುಡಿ ಕೀಬೋರ್ಡ್ ವಿನ್ಯಾಸವೂ ಸಿಗುತ್ತೆ. ಬರೀ ಬ್ರೌಸರ್, ಪಿಡಿಎಫ್ ಪ್ರಿಂಟ್ ಕೆಲಸದವರು ಹತ್ತು ಪೈಸೆ ಖರ್ಚಿಲ್ಲದೆ ಹಳೇ ಮಷಿನ್ ಉಳಿಸಿಕೊಳ್ಳಬಹುದು. ಅಂಗಡಿಗೆ ಮಾತ್ರ ಆಗಲಿಲ್ಲ, ಟ್ಯಾಲಿ ಇಲ್ಲ, ಕೋರೆಲ್ ಇಲ್ಲ. ಡಿಜಿಟಲ್ ಸಿಗ್ನೇಚರ್ ಟೋಕನ್ ಚುಚ್ಚಿದರೆ ಅದೊಂದು ದೊಡ್ಡ ಹೋಮ. ಟ್ರೇಸಿಂಗ್ ಪೇಪರ್ ಮೇಲೆ ಹೊಡೆಯೋ ನನ್ನ ಹಳೇ ಲೇಸರ್ ಪ್ರಿಂಟರಿಗೆ ಡ್ರೈವರ್ ಕೂರಿಸೋಕೆ ಹುಡುಗ ಇಡೀ ಭಾನುವಾರ ಒದ್ದಾಡಿ, ಕೊನೆಗೆ ಬೆಣ್ಣೆ ದೋಸೆ ತಿಂದು ಮನೆಗೆ ಹೋದ.

ಆ ಪ್ರಿಂಟರ್ ವಿಂಡೋಸ್ 11ರಲ್ಲಿ ಸದ್ಯಕ್ಕೆ ನಡೆಯುತ್ತಿದೆ. ಡ್ರೈವರ್ ಫೈಲನ್ನು ಬೇರೆ ಕಡೆ ಕಾಪಿ ಮಾಡಿ ಇಟ್ಟಿದ್ದೇನೆ, ನೀವೂ ಇಟ್ಟುಕೊಳ್ಳಿ. ಪ್ರಿಂಟರ್ ಕಂಪನಿಗಳ ಹಳೇ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಕೊಡೋದನ್ನು ಹಂತ ಹಂತವಾಗಿ ನಿಲ್ಲಿಸುತ್ತೇವೆ ಅಂತ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ. ಕಬ್ಬಿಣದಂಥ ಪ್ರಿಂಟರ್ ಒಂದು ಸಣ್ಣ ಫೈಲ್ ಸಿಗದೆ ಗುಜರಿಗೆ ಹೋಗೋದು ಬೇಡ.

ಕೊನೆಗೆ ನಾನು ಕೊಂಡ ಅಂಗಡಿ. ಮಾತು ಕಮ್ಮಿ, ಕೆಲಸ ಚೆನ್ನಾಗಿದೆ. ಕೇಳಿದ್ದನ್ನೆಲ್ಲ ತೆರೆದು ತೋರಿಸಿದರು, ಬಯೋಸ್ ಪಾಸ್‌ವರ್ಡ್ ಇಲ್ಲ ಅನ್ನೋದನ್ನೂ ತೋರಿಸಿದರು. ಇದು ಮುಖ್ಯ, ಕಂಪನಿಯಿಂದ ಬಂದ ಕೆಲವು ಮಷಿನ್‌ಗಳಲ್ಲಿ ಹಳೇ ಪಾಸ್‌ವರ್ಡ್ ಹಾಗೇ ಉಳಿದಿರುತ್ತೆ. ಬಿಲ್ ಮಾತ್ರ ಮೊದಲು ಬಿಳಿ ಚೀಟಿಯಲ್ಲಿ ಬರೆದುಕೊಟ್ಟರು, ಜಿಎಸ್‌ಟಿ ಬಿಲ್ಲೇ ಬೇಕು ಅಂದ ಮೇಲೆ ಮುಖ ಸ್ವಲ್ಪ ಸಣ್ಣ ಮಾಡಿಕೊಂಡು ಕೊಟ್ಟರು. ವಾರಂಟಿ ಆರು ತಿಂಗಳು ಅಂತ ಬಾಯಲ್ಲಿ ಹೇಳಿದ್ದನ್ನು ಬಿಲ್ ಮೇಲೆ ಬರೆಸಿಕೊಂಡೆ, ಸೀರಿಯಲ್ ನಂಬರ್ ಸಮೇತ. ಎಸ್‌ಎಂಪಿಎಸ್ ಹೋದರೆ ಬೆಂಗಳೂರಿಂದ ತರಿಸಬೇಕು, ನಾಲ್ಕೈದು ದಿನ ಆಗುತ್ತೆ ಅಂತಲೂ ಹೇಳಿದರು. ಮದುವೆ ಸೀಸನ್ನಿನಲ್ಲಿ ನಾಲ್ಕೈದು ದಿನ ಅಂಗಡಿ ನಿಲ್ಲೋಕೆ ಆಗುತ್ತಾ? ಹಾಗಾಗಿ ಅದೇ ಮಾಡೆಲಿನ ಸ್ಪೇರ್ ಎಸ್‌ಎಂಪಿಎಸ್ ಒಂದು ಈಗಲೇ ತರಿಸಿಕೊಡಿ ಅಂತ ದುಡ್ಡು ಕೊಟ್ಟು ಬಂದಿದ್ದೇನೆ. ಇನ್ನೂ ಬಂದಿಲ್ಲ.